ನಮ್ಮ ಪಕ್ಷಪಾತ ನಮಗೇ ಯಾಕೆ ಕಾಣುವುದಿಲ್ಲ?

ಈ ಸಲದ ಪ್ರಶ್ನೋತ್ತರಕ್ಕೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇವೆ. ಈರುಳ್ಳಿ, ಬೋರ್‌ವೆಲ್, ಸೈಟು, ಪರೀಕ್ಷೆ ಎಂದು ವಿಷಯ ಬೇರೆ ಬೇರೆಯಾದರೂ ಎಲ್ಲರೂ ಕೇಳಿರುವುದು ಒಂದನ್ನೇ: ತೀರ್ಮಾನ ಮಾಡುವಾಗ ಮನಸ್ಸು ಎಲ್ಲಿ ವಾಲುತ್ತದೆ, ಅದನ್ನು ಹಿಡಿಯುವುದು ಹೇಗೆ? ಬರೆದವರ ಹೆಸರು ಬಿಟ್ಟು ಊರು, ಕಸುಬು ಮಾತ್ರ ಕೊಟ್ಟಿದ್ದೇವೆ.

ಯಾವ ವಿಷಯವನ್ನೇ ಆಗಲಿ ನಾನು ಎರಡೂ ಕಡೆ ತೂಗಿ ನೋಡಿಯೇ ಮಾತಾಡುವವನು. ಆದರೂ ಮಗಳು "ಅಪ್ಪಾಜಿ, ನಿಮ್ದು ಹಿಡಿದ ಮೊಲಕ್ಕೆ ಮೂರೇ ಕಾಲು" ಅನ್ನುತ್ತಾಳೆ. ಎಷ್ಟು ಆತ್ಮಾವಲೋಕನ ಮಾಡಿಕೊಂಡರೂ ನನ್ನಲ್ಲಿ ಅಂಥ ಪಕ್ಷಪಾತ ಕಾಣುತ್ತಿಲ್ಲ. ಯಾರು ಸರಿ?
— ನಿವೃತ್ತ ಬ್ಯಾಂಕ್ ನೌಕರರು, ವಿದ್ಯಾನಗರ, ದಾವಣಗೆರೆ

ಯಾರು ಸರಿ ಎಂದು ಇಲ್ಲಿ ಕೂತು ಹೇಳಲಾರೆವು. ಆದರೆ "ಒಳಗೆ ನೋಡಿಕೊಂಡೆ, ಏನೂ ಕಾಣಲಿಲ್ಲ" ಎಂಬುದು ಸಾಕ್ಷಿಯಾಗಿ ನಿಲ್ಲುವುದಿಲ್ಲ. ಅದು ಯಾಕೆಂದು ತಿಳಿಯಲು ಎರಡು ನಿಮಿಷದ ಒಂದು ಪರೀಕ್ಷೆ ಮಾಡಿ.

ಗೆರೆಯಿಲ್ಲದ ಬಿಳಿ ಹಾಳೆಯ ಎಡಭಾಗದಲ್ಲಿ ಸಣ್ಣ ಗುಣಾಕಾರ ಚಿಹ್ನೆ ಬರೆಯಿರಿ. ಅದೇ ಸಾಲಿನಲ್ಲಿ ಬಲಕ್ಕೆ 8 ಸೆಂ.ಮೀ. ದೂರದಲ್ಲಿ ಕಡಲೆಕಾಳಿಗಿಂತ ಚಿಕ್ಕದಾದ ಕಪ್ಪು ಚುಕ್ಕೆ ಇಡಿ. ಎಡಗಣ್ಣು ಮುಚ್ಚಿ. ಬಲಗಣ್ಣು ಗುಣಾಕಾರ ಚಿಹ್ನೆಯ ಮೇಲೆಯೇ ಇರಲಿ. ಹಾಳೆಯನ್ನು ತೋಳು ಚಾಚಿದಷ್ಟು ದೂರದಲ್ಲಿ ಹಿಡಿದು ನಿಧಾನವಾಗಿ ಹತ್ತಿರ ತನ್ನಿ. ಹೆಚ್ಚುಕಡಿಮೆ 30 ಸೆಂ.ಮೀ. ಬಂದಾಗ ಚುಕ್ಕೆ ಮಾಯವಾಗುತ್ತದೆ. ಆಗದಿದ್ದರೆ ಕಣ್ಣು ನಿಮಗೆ ತಿಳಿಯದಂತೆ ಚುಕ್ಕೆಯ ಕಡೆ ಜಾರಿದೆ, ಇಲ್ಲವೇ ಹಾಳೆ ಓರೆಯಾಗಿದೆ.

ಚುಕ್ಕೆ ಹೋದ ಜಾಗದಲ್ಲಿ ತೂತು ಕಾಣುವುದಿಲ್ಲ, ಕಪ್ಪೂ ಕಾಣುವುದಿಲ್ಲ. ಬರೀ ಬಿಳಿ ಹಾಳೆ ಕಾಣುತ್ತದೆ. ಕಣ್ಣಿನಿಂದ ನರ ಹೊರಡುವ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳಿಲ್ಲ. ಆ ಅಂಧಬಿಂದುವನ್ನು ಮಿದುಳು ಅಕ್ಕಪಕ್ಕದ ಬಣ್ಣದಿಂದ ತುಂಬಿಬಿಡುತ್ತದೆ. ಫ್ರಾನ್ಸಿನ ಎಡ್ಮ್ ಮರಿಯೊಟ್ 1660ರ ದಶಕದಲ್ಲಿ ಇದನ್ನು ತೋರಿಸುವವರೆಗೆ ಯಾರಿಗೂ ಗೊತ್ತೇ ಇರಲಿಲ್ಲ. ಕೊರತೆಯಿದೆ ಎಂಬ ಸೂಚನೆಯೇ ಒಳಗಿನಿಂದ ಬರುವುದಿಲ್ಲ ಎಂಬುದು ಇಲ್ಲಿ ಮುಖ್ಯ.

ತೀರ್ಮಾನಗಳಲ್ಲೂ ಹೀಗೇ. 2002ರಲ್ಲಿ ಎಮಿಲಿ ಪ್ರೊನಿನ್, ಡೇನಿಯಲ್ ಲಿನ್, ಲೀ ರಾಸ್ ಎಂಬ ಮನೋವಿಜ್ಞಾನಿಗಳು ಜನರಿಗೆ ಹಲವು ಬಗೆಯ ಪಕ್ಷಪಾತಗಳನ್ನು ವಿವರಿಸಿ, "ಇದು ನಿಮ್ಮಲ್ಲಿ ಎಷ್ಟಿದೆ, ಉಳಿದವರಲ್ಲಿ ಎಷ್ಟಿದೆ?" ಎಂದು ಕೇಳಿದರು. ತನ್ನಲ್ಲಿ ಕಡಿಮೆ, ಉಳಿದವರಲ್ಲಿ ಹೆಚ್ಚು ಎಂಬುದೇ ಬಹುಪಾಲು ಉತ್ತರ. ಹೀಗೆ ತನ್ನನ್ನು ಮೇಲಿಟ್ಟು ನೋಡುವುದೂ ಒಂದು ಪಕ್ಷಪಾತವೇ ಎಂದು ತಿಳಿಸಿದ ಮೇಲೂ ಹೆಚ್ಚಿನವರು ತಮ್ಮ ಅಂದಾಜನ್ನು ಬದಲಿಸಲಿಲ್ಲ. ಬೇರೆಯವರನ್ನು ನಾವು ಅವರ ನಡೆಯಿಂದ ಅಳೆಯುತ್ತೇವೆ, ನಮ್ಮನ್ನು ಮಾತ್ರ ನಮ್ಮ ಉದ್ದೇಶದಿಂದ ಅಳೆದುಕೊಳ್ಳುತ್ತೇವೆ. ನಿಮಗೆ ಕಾಣುವುದು ನಿಮ್ಮ ಒಳ್ಳೆಯ ಉದ್ದೇಶ. ಮಗಳಿಗೆ ಕಾಣುವುದು ಊಟದ ಹೊತ್ತಿಗೆ ನೀವಾಡಿದ ಮಾತು.

ಆದ್ದರಿಂದ ಒಳಗೆ ಹುಡುಕುವುದನ್ನು ಬಿಟ್ಟು ಹೊರಗೆ ದಾಖಲೆ ಮಾಡಿ. ನೂರು ಪುಟದ ಒಂದು ನೋಟ್‌ಬುಕ್ ಸಾಕು. ಫಲಿತಾಂಶ ತಿಳಿಯುವ ಮೊದಲೇ ನಾಲ್ಕು ಸಂಗತಿ ಬರೆದಿಡಿ: ತಾರೀಖು, ಏನಾಗುತ್ತದೆ ಎಂಬ ನಿಮ್ಮ ಅಂದಾಜು, ಯಾವ ದಿನದೊಳಗೆ, ಶೇಕಡ ಎಷ್ಟು ನಂಬಿಕೆ. ಆ ದಿನ ಬಂದ ಮೇಲೆ ಪಕ್ಕದಲ್ಲಿ ಬೇರೆ ಬಣ್ಣದ ಪೆನ್ನಿನಲ್ಲಿ ನಡೆದದ್ದನ್ನು ಬರೆಯಿರಿ. ಬಾಯಿಲೆಕ್ಕ ನಡೆಯದು. ಫಲಿತಾಂಶ ಗೊತ್ತಾದ ಮೇಲೆ "ನಾನು ಮೊದಲೇ ಹೇಳಿರಲಿಲ್ವಾ" ಅನ್ನಿಸುವುದು ಸುಳ್ಳು ಹೇಳುವ ಸ್ವಭಾವದಿಂದಲ್ಲ, ನೆನಪೇ ತಿದ್ದುಪಡಿಯಾಗುತ್ತದೆ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೆ ಹೊರಡುವ ಮೊದಲು ಜನ ಕೊಟ್ಟಿದ್ದ ಅಂದಾಜುಗಳನ್ನು ಬರೂಕ್ ಫಿಶಾಫ್ ಮತ್ತು ರೂತ್ ಬೆಯ್ತ್ ಆಮೇಲೆ ಅವರಿಂದಲೇ ನೆನಪು ಮಾಡಿಸಿದರು. ನಿಜವಾಗಿ ನಡೆದ ಸಂಗತಿಗಳಿಗೆ ತಾವು ಕೊಟ್ಟಿದ್ದಕ್ಕಿಂತ ಹೆಚ್ಚು ಸಾಧ್ಯತೆ ಕೊಟ್ಟಿದ್ದೆವು ಎಂದೇ ಜನ ನೆನಪಿಸಿಕೊಂಡರು.

ಈ ನೋಟ್‌ಬುಕ್ ಕೆಡುವುದು ಎರಡು ಕಾರಣಕ್ಕೆ. "ಮಳೆ ಪರವಾಗಿಲ್ಲ ಅನ್ನಿಸುತ್ತೆ" ಎಂದು ಬರೆದರೆ ಏನಾದರೂ ಸರಿಯೆಂದು ವಾದಿಸಬಹುದು, "ಜುಲೈ 15ರೊಳಗೆ ಮೂರು ಹದ ಮಳೆ, ಶೇ. 70" ಎಂದು ಬರೆದರೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಇನ್ನು, ದೊಡ್ಡ ವಿಷಯ ಮಾತ್ರ ಬರೆದರೆ ವರ್ಷಕ್ಕೆ ಮೂರು ಸಾಲೂ ಆಗುವುದಿಲ್ಲ. ಬೀಗರು ಹೇಳಿದ ದಿನಕ್ಕೆ ಬರುತ್ತಾರೋ, ಗಾರೆಯವನು ವಾರದೊಳಗೆ ಕೆಲಸ ಮುಗಿಸುತ್ತಾನೋ ಎಂಬಂಥವೂ ಇರಲಿ. ಮೂವತ್ತು ಸಾಲು ತುಂಬಿದ ಮೇಲೆ ಮಗಳ ಕೈಗೆ ಕೊಟ್ಟು ಲೆಕ್ಕ ಹಾಕಿಸಿ.

ಹೋದ ಸಲ ಈರುಳ್ಳಿಗೆ ಒಳ್ಳೆ ರೇಟು ಸಿಕ್ತು ಅಂತ ಈ ಸಲ ಎರಡು ಎಕರೆ ಜಾಸ್ತಿ ಹಾಕಿದೆ. ಕೀಳೋ ಹೊತ್ತಿಗೆ ರೇಟು ಬಿದ್ದೋಯ್ತು. ಹಿಂದೆಯೂ ಹಿಂಗೇ ಆಗಿತ್ತು. ಪೆಟ್ಟು ತಿಂದರೂ ಯಾಕೆ ಬುದ್ಧಿ ಬರಲ್ಲ?
— ರೈತರು, ಹಿರಿಯೂರು ತಾಲ್ಲೂಕು

ಬುದ್ಧಿಯ ಕೊರತೆಯಲ್ಲ ಇದು. ಇತ್ತೀಚೆಗೆ ಕಂಡದ್ದು, ಜೋರಾಗಿ ನೆನಪಿಗೆ ಬರುವುದು ಹೆಚ್ಚು ಸಂಭವನೀಯ ಅನ್ನಿಸುವುದು ಎಲ್ಲರ ಮನಸ್ಸಿನ ಗುಣ. ನಿಮ್ಮ ತಾಲ್ಲೂಕಿನ ಮಾರಿಕಣಿವೆ ಜಲಾಶಯವನ್ನೇ, ಅಂದರೆ ವಾಣಿವಿಲಾಸ ಸಾಗರವನ್ನೇ ನೋಡಿ. ಅದು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷದ ನಂತರ. ಅಷ್ಟು ಕಾಲ ಕೋಡಿ ನೋಡದೆ ಬೆಳೆದವರಿಗೆ ಅದು ಆಗದ ಮಾತು ಅನ್ನಿಸಿದ್ದರೆ ಆಶ್ಚರ್ಯವಿಲ್ಲ. 2025ರ ಜನವರಿಯಲ್ಲಿ ಇನ್ನೊಮ್ಮೆ ಬಿದ್ದ ಮೇಲೆ "ಇನ್ನು ಮೇಲೆ ತುಂಬುತ್ತಲೇ ಇರುತ್ತೆ" ಎಂದು ತೋಟ ಹೆಚ್ಚಿಸುವುದೂ ಅದೇ ತಪ್ಪಿನ ಇನ್ನೊಂದು ಮುಖ. (ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಈಗ ಜಲಾಶಯಕ್ಕೆ ಸೇರುತ್ತಿರುವುದರಿಂದ 89 ವರ್ಷದ ಹಳೆ ಲೆಕ್ಕವನ್ನು ಹಾಗೇ ಮುಂದಕ್ಕೆ ಎಳೆಯುವುದೂ ತಪ್ಪೇ. ಕಾರಣ ಬದಲಾದರೆ ಹಳೆಯ ಸರಾಸರಿಯ ತೂಕವೂ ಇಳಿಯುತ್ತದೆ.)

ಈರುಳ್ಳಿಯಲ್ಲಿ ಇನ್ನೊಂದು ಗಂಟಿದೆ. ನೀವು ನೋಡಿದ ರೇಟನ್ನೇ ಪಕ್ಕದ ಹೊಲದವರೂ ನೋಡಿದ್ದಾರೆ, ಮಹಾರಾಷ್ಟ್ರದವರೂ ನೋಡಿದ್ದಾರೆ. ಎಲ್ಲರೂ ಎರಡೆರಡು ಎಕರೆ ಜಾಸ್ತಿ ಹಾಕಿದರೆ ನಾಲ್ಕು ತಿಂಗಳಿಗೆ ಎಲ್ಲರ ಮಾಲೂ ಒಟ್ಟಿಗೆ ಮಾರುಕಟ್ಟೆಗೆ ಬೀಳುತ್ತದೆ. ಹೋದ ವರ್ಷದ ಒಳ್ಳೆ ರೇಟೇ ಈ ವರ್ಷದ ಕೆಟ್ಟ ರೇಟಿಗೆ ಒಂದು ಕಾರಣ.

ಬಿತ್ತುವ ಮೊದಲು ಹೀಗೆ ಮಾಡಿ. ಸರ್ಕಾರದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ದಿನದ ಆವಕ, ಕನಿಷ್ಠ, ಗರಿಷ್ಠ, ಮಾದರಿ ಬೆಲೆ (ಹೆಚ್ಚಿನ ಮಾಲು ಮಾರಾಟವಾದ ದರ) ಸಿಗುತ್ತವೆ. ನೀವು ಕೀಳುವ ತಿಂಗಳಿನ ಮಾದರಿ ಬೆಲೆಯನ್ನು ಹಿಂದಿನ ಹತ್ತು ವರ್ಷಕ್ಕೆ ಬರೆದುಕೊಳ್ಳಿ. ಗರಿಷ್ಠ ಬೆಲೆ ಬೇಡ. ಅದು ಆಯ್ದ ಗಡ್ಡೆಯ ಒಂದೆರಡು ಲಾಟಿಗೆ ಸಿಕ್ಕಿದ್ದು. ವರ್ಷದ ಸರಾಸರಿಯೂ ಬೇಡ. ಬೇಸಿಗೆಯ ರೇಟು ನಿಮ್ಮ ಅಕ್ಟೋಬರ್ ಮಾಲಿಗೆ ಸಿಗುವುದಿಲ್ಲ. ಹತ್ತು ಅಂಕಿಗಳನ್ನು ಕಡಿಮೆಯಿಂದ ಜಾಸ್ತಿಗೆ ಜೋಡಿಸಿ, ಕೆಳಗಿನಿಂದ ಮೂರನೆಯದನ್ನು ಹಿಡಿಯಿರಿ. ಬೀಜ, ಗೊಬ್ಬರ, ಕಳೆ ಕೂಲಿ, ಕೀಳುವ ಮತ್ತು ಕೊಯ್ಯುವ ಕೂಲಿ, ಚೀಲ, ಲಾರಿ ಬಾಡಿಗೆ, ಮಂಡಿ ಖರ್ಚು ಎಲ್ಲ ಕಳೆದ ಮೇಲೂ ಆ ಬೆಲೆಯಲ್ಲಿ ಅಸಲು ನಿಲ್ಲುತ್ತದೋ ನೋಡಿ. ನಿಂತರೆ ಹೆಚ್ಚಿಸಬಹುದು. ಆರನೆಯ ಅಂಕಿಗೆ ಬಂದರೆ ಮಾತ್ರ ನಿಲ್ಲುತ್ತದೆ ಎಂದಾದರೆ, ಹತ್ತರಲ್ಲಿ ಐದು ವರ್ಷ ಕೈಸುಡುವ ಬೆಳೆ ಅದು, ಇರುವಷ್ಟಕ್ಕೇ ನಿಲ್ಲಿಸಿ. ಇಳುವರಿಯನ್ನೂ ಒಳ್ಳೆಯ ವರ್ಷದ್ದು ಹಿಡಿಯಬೇಡಿ, ಕೀಳುವಾಗ ಮಳೆ ಹಿಡಿದು ಗಡ್ಡೆ ಕೊಳೆತ ವರ್ಷದ್ದೂ ಸೇರಲಿ. ಕೊನೆಗೆ ಬೀಜದ ಅಂಗಡಿಯಲ್ಲಿ ಒಂದು ಮಾತು ಕೇಳಿ: "ಈ ಸಲ ಬೀಜ ಹೋದ ವರ್ಷಕ್ಕಿಂತ ಎಷ್ಟು ಜಾಸ್ತಿ ಹೋಗಿದೆ?" ಮುಂದಿನ ರೇಟಿನ ಬಗ್ಗೆ ಹೋದ ವರ್ಷದ ಪಟ್ಟಿಗಿಂತ ಈ ಉತ್ತರ ಹೆಚ್ಚು ಹೇಳುತ್ತದೆ.

ಅಡಿಕೆಗೆ ಅಂತ ಎರಡು ಬೋರ್ ಹಾಕಿಸಿದೆ, ಎರಡೂ ಫೇಲು. ತೆಂಗಿನಕಾಯಿ ಹಿಡಿದು ನೋಡುವವರ ಹತ್ತಿರ ಪಾಯಿಂಟ್ ಮಾಡಿಸಿದ್ದೆ. ಅವರು ತೋರಿಸಿದ ಕಡೆ ನೀರು ಬಿದ್ದದ್ದು ನಮ್ಮೂರಲ್ಲೇ ಬೇಕಾದಷ್ಟಿದೆ. ಎರಡು ಹೋಗಿದೆ, ಮೂರನೇದು ಬಿದ್ದೇ ಬೀಳುತ್ತೆ ಅಂತಾರೆ. ಈಗ ಬಿಟ್ಟರೆ ಹಾಕಿದ ದುಡ್ಡೆಲ್ಲ ಮಣ್ಣುಪಾಲು. ಏನು ಮಾಡಲಿ?
— ರೈತರು, ಜಗಳೂರು ತಾಲ್ಲೂಕು

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಗಂಟುಗಳಿವೆ. ಒಂದೊಂದಾಗಿ ಬಿಚ್ಚೋಣ.

"ಬೇಕಾದಷ್ಟಿದೆ" ಎನ್ನುವುದು ಮೊದಲನೆಯದು. ನೀರು ಬಿದ್ದದ್ದು ಊರಿಗೆಲ್ಲ ಗೊತ್ತಾಗುತ್ತದೆ. ಬೀಳದ್ದನ್ನು ಕಲ್ಲು ಮುಚ್ಚಿ ಮರೆಯುತ್ತಾರೆ. ಹಾಳೆಯಲ್ಲಿ ನಾಲ್ಕು ಮನೆ ಎಳೆಯಿರಿ. ಮೇಲಿನ ಎರಡು, ಅವರು ತೋರಿಸಿದ ಜಾಗ: ನೀರು ಬಿದ್ದದ್ದು ಎಷ್ಟು, ಬೀಳದ್ದು ಎಷ್ಟು. ಕೆಳಗಿನ ಎರಡು, ಅವರನ್ನು ಕೇಳದೆ ಕೊರೆಸಿದ್ದು: ಬಿದ್ದದ್ದು ಎಷ್ಟು, ಬೀಳದ್ದು ಎಷ್ಟು. ಅವರು ತೋರಿಸಿದ 30ರಲ್ಲಿ 18ಕ್ಕೆ ನೀರು ಬಿತ್ತು ಎಂದಿಟ್ಟುಕೊಳ್ಳಿ. ಹದಿನೆಂಟು ಎಂದರೆ ಊರು ತುಂಬಾ ಹೆಸರು ಮಾಡಲು ಸಾಕು. ಆದರೆ ಕೇಳದೆ ಕೊರೆಸಿದ 10ರಲ್ಲಿ 6ಕ್ಕೆ ಬಿದ್ದಿದ್ದರೆ? ಎರಡೂ ಕಡೆ ಶೇ. 60. ತೆಂಗಿನಕಾಯಿ ಏನನ್ನೂ ಸೇರಿಸಲಿಲ್ಲ ಎಂದಾಯಿತು. ನಾವು ಸಾಮಾನ್ಯವಾಗಿ ಎಣಿಸುವುದು ಮೊದಲನೆಯ ಮನೆಯೊಂದನ್ನೇ. ಅವರು "ಇಲ್ಲಿ ನೀರಿಲ್ಲ" ಎಂದ ಜಾಗದಲ್ಲಂತೂ ಯಾರೂ ಕೊರೆಸುವುದಿಲ್ಲ, ಹಾಗಾಗಿ ಆ ಮಾತು ಸುಳ್ಳಾಗುವ ಅವಕಾಶವೇ ಬರುವುದಿಲ್ಲ.

ಲಂಡನ್ನಿನ ಪೀಟರ್ ವಾಸನ್ 1960ರಲ್ಲಿ ಇದನ್ನು ಅಂಕಿಗಳಲ್ಲಿ ತೋರಿಸಿದ್ದರು. "2, 4, 6 ಒಂದು ನಿಯಮಕ್ಕೆ ಹೊಂದುತ್ತವೆ. ನೀವೂ ಮೂರು ಮೂರು ಅಂಕಿ ಹೇಳಿ, ಹೊಂದುತ್ತದೋ ಇಲ್ಲವೋ ಹೇಳುತ್ತೇನೆ, ನಿಯಮ ಕಂಡುಹಿಡಿಯಿರಿ" ಎಂದರು. ಜನ 8, 10, 12 ಎಂದರು, ಹೌದು; 20, 22, 24 ಎಂದರು, ಹೌದು. "ಎರಡೆರಡು ಹೆಚ್ಚುವುದು" ಎಂದು ತೀರ್ಮಾನಿಸಿ ತಪ್ಪಿದರು. ನಿಯಮ ಇದ್ದದ್ದು ಇಷ್ಟೇ: ಅಂಕಿಗಳು ಏರುತ್ತಾ ಹೋಗಬೇಕು. 1, 2, 9 ಎಂದು ಕೇಳಿದ್ದರೆ ತಿಳಿಯುತ್ತಿತ್ತು. ತಮ್ಮ ಊಹೆ ತಪ್ಪಾಗಬಹುದಾದ ಪ್ರಶ್ನೆಯನ್ನು ಬಹಳ ಮಂದಿ ಕೇಳಲೇ ಇಲ್ಲ.

ಕಾಯಿ ಹಿಡಿದವರು ಮೋಸ ಮಾಡುತ್ತಾರೆ ಎಂದು ನಾವು ಹೇಳುತ್ತಿಲ್ಲ. ಮನಸ್ಸಿನ ನಿರೀಕ್ಷೆಯಂತೆ ಕೈ ತಿಳಿಯದೆಯೇ ಸಣ್ಣಗೆ ಚಲಿಸುವುದನ್ನು ವಿಲಿಯಂ ಕಾರ್ಪೆಂಟರ್ 1852ರಲ್ಲೇ ವಿವರಿಸಿದ್ದರು. ಕಾಯಿ ಎದ್ದದ್ದು ಅವರಿಗೂ ಅಚ್ಚರಿಯೇ ಇರಬಹುದು. ನಮ್ಮ ಕಡೆಯ ಗಟ್ಟಿ ಕಲ್ಲಿನ ನೆಲದಲ್ಲಿ ನೀರಿರುವುದು ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ ಮತ್ತು ಕೆಳಗಿನ ಬಿರುಕುಗಳಲ್ಲಿ. ಭೂವಿಜ್ಞಾನಿಗಳು ನೆಲಕ್ಕೆ ವಿದ್ಯುತ್ ಹರಿಸಿ ಪ್ರತಿರೋಧ ಅಳೆದು ಇದನ್ನು ಅಂದಾಜು ಮಾಡುತ್ತಾರೆ. ಅದೂ ಗ್ಯಾರಂಟಿಯಲ್ಲ. ಅವರಿಗೂ ಅದೇ ನಾಲ್ಕು ಮನೆಯ ಲೆಕ್ಕ ಕೇಳಿ.

ಎರಡನೆಯದು "ಮೂರನೇದು ಬಿದ್ದೇ ಬೀಳುತ್ತೆ". 1913ರಲ್ಲಿ ಮಾಂಟೆ ಕಾರ್ಲೋದ ಜೂಜುಕಟ್ಟೆಯಲ್ಲಿ ಚಕ್ರ ಸತತ 26 ಸಲ ಕಪ್ಪಿಗೇ ನಿಂತಿತು. "ಇನ್ನು ಕೆಂಪು ಬರಲೇಬೇಕು" ಎಂದು ಹಣ ಸುರಿದವರೆಲ್ಲ ಕಳೆದುಕೊಂಡರು. ಚಕ್ರಕ್ಕೆ ಹಿಂದಿನದು ನೆನಪಿರುವುದಿಲ್ಲ. ನಿಮ್ಮ ಹೊಲದ ಲೆಕ್ಕ ಅದಕ್ಕಿಂತ ಬಿಗಿ: ಅದೇ ನೆಲದಲ್ಲಿ ಎರಡು ಒಣಗಿದ್ದರೆ ಮೂರನೆಯದಕ್ಕೆ ನೀರಿನ ಸಾಧ್ಯತೆ ಏರುವುದಿಲ್ಲ, ಇಳಿಯುತ್ತದೆ.

ಮೂರನೆಯದು ಹಾಕಿದ ದುಡ್ಡು. ಅದು ಹೋಯಿತು, ಮೂರನೇ ಬೋರ್ ಹಾಕಿಸಿದರೂ ವಾಪಸ್ ಬರುವುದಿಲ್ಲ, ಬಿಟ್ಟರೂ ಬರುವುದಿಲ್ಲ. ನಿಮ್ಮನ್ನು ನೀವೇ ಹೀಗೆ ಕೇಳಿಕೊಳ್ಳಿ: ಇದೇ ಹೊಲವನ್ನು ಇವತ್ತು ಒಬ್ಬರು ಹೊಸದಾಗಿ ಕೊಂಡಿದ್ದಾರೆ, ಅವರು ಒಂದು ರೂಪಾಯಿಯನ್ನೂ ಬೋರಿಗೆ ಹಾಕಿಲ್ಲ, ಎರಡು ಒಣ ಬೋರ್ ಇರುವುದು ಅವರಿಗೆ ಗೊತ್ತಿದೆ. ಕೊರೆಸಿ ಎಂದು ಅವರಿಗೆ ಹೇಳುತ್ತೀರಾ? ಹೇಳುವುದಿಲ್ಲ ಎಂದಾದರೆ ನೀವೂ ಕೊರೆಸಬೇಡಿ.

ಆದರೂ ಕೊರೆಸುವುದೇ ಎಂದಾದರೆ, ಲಾರಿ ಬರುವ ಹಿಂದಿನ ದಿನವೇ ಎಷ್ಟು ಅಡಿಗೆ ನಿಲ್ಲಿಸುವುದು, ಒಟ್ಟು ಎಷ್ಟು ದುಡ್ಡು ಎಂದು ಚೀಟಿಯಲ್ಲಿ ಬರೆದು ಮನೆಯಾಕೆಯ ಕೈಗೋ ಅಣ್ಣನ ಕೈಗೋ ಕೊಡಿ; ನಿಲ್ಲಿಸು ಎನ್ನುವ ಅಧಿಕಾರ ಅವರದ್ದು. ಆಳ ಹೋದಂತೆ ಅಡಿಯ ದರ ಏರುತ್ತದೆ, ರಾತ್ರಿ ಹೊತ್ತು ಪುಡಿಯಲ್ಲಿ ಒಂಚೂರು ತೇವ ಕಂಡರೆ "ಇನ್ನೈವತ್ತು ಅಡಿ ಇಳಿಸಿಬಿಡೋಣ" ಅನ್ನಿಸುತ್ತದೆ. ಆ ಗದ್ದಲದಲ್ಲಿ ನಿಂತು ಯಾರೂ ಲೆಕ್ಕ ಹಾಕಲಾರರು. ಮಿತಿ ಮೀರಲು ಒಂದೇ ಕಾರಣ ಒಪ್ಪಿ: ಪಕ್ಕದ ಹೊಲದ ಬೋರಿನಲ್ಲಿ ಆ ಆಳದಲ್ಲೇ ನೀರು ಸಿಕ್ಕಿರಬೇಕು. ಬೇಸಿಗೆ ಪೂರ್ತಿ ನೀರು ಬೇಡುವ ಅಡಿಕೆಯನ್ನು ಜಗಳೂರಿನ ಒಣ ನೆಲದಲ್ಲಿ ಹಾಕುವ ತೀರ್ಮಾನವನ್ನೂ ಒಮ್ಮೆ ಇದೇ ರೀತಿ ತಿರುಗಿಸಿ ನೋಡಿ ಎಂಬುದು ನಮ್ಮ ಸಲಹೆ.

ಹೆಚ್ಚು ಓದಿದವರಲ್ಲಿ, ಬುದ್ಧಿವಂತರಲ್ಲಿ ಈ ಕುರುಡು ಕಡಿಮೆ ಇರಬೇಕಲ್ಲವೇ?
— ಪದವಿ ವಿದ್ಯಾರ್ಥಿನಿ, ಚಿತ್ರದುರ್ಗ

ಇಲ್ಲ. ರಿಚರ್ಡ್ ವೆಸ್ಟ್, ಕೀತ್ ಸ್ಟಾನೊವಿಚ್ ಮತ್ತು ಜೊತೆಯವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಮುಂದಿದ್ದವರಲ್ಲಿ "ಉಳಿದವರಿಗಿಂತ ನಾನು ಮೇಲು" ಎಂಬ ಭಾವ ಕಡಿಮೆಯೇನೂ ಇರಲಿಲ್ಲ. ತನ್ನ ಪಕ್ಷಕ್ಕೆ ಚೆಂದದ ಕಾರಣ ಕಟ್ಟುವ ಚಾತುರ್ಯ ಅವರಿಗೆ ಹೆಚ್ಚು, ಅಷ್ಟೇ. ಈ ಅಂಕಣ ಓದಿದವರಿಗೂ ಮೊದಲು ಕಾಣುವುದು ಭಾವಮೈದುನನ ಪಕ್ಷಪಾತವೇ.

ನಾನೂ ತಮ್ಮನೂ ಸೇರಿ ಬೆಣ್ಣೆದೋಸೆ ಹೋಟೆಲ್ ನಡೆಸುತ್ತೇವೆ. ಮುಕ್ಕಾಲು ಕೆಲಸ ನನ್ನದೇ. ಅವನೂ ಹಾಗೇ ಹೇಳುತ್ತಾನೆ! ದಿನಾ ಕಿರಿಕಿರಿ.
— ದಾವಣಗೆರೆ

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮೈಕೆಲ್ ರಾಸ್ ಮತ್ತು ಫಿಯೋರ್ ಸಿಕೋಲಿ 1979ರಲ್ಲಿ ಗಂಡಹೆಂಡಿರನ್ನು ಬೇರೆ ಬೇರೆ ಕೂರಿಸಿ ಮನೆಗೆಲಸದಲ್ಲಿ ತಮ್ಮ ತಮ್ಮ ಪಾಲು ಎಷ್ಟೆಂದು ಕೇಳಿದಾಗ, ಕೂಡಿಸಿದರೆ ನೂರು ದಾಟಿತು. ನಮ್ಮ ಕೆಲಸದ ಪ್ರತಿ ಬೆವರಹನಿ ನಮಗೆ ನೆನಪಿರುತ್ತದೆ. ಇನ್ನೊಬ್ಬರದು ಕಂಡಷ್ಟು ಮಾತ್ರ. ಒಂದು ಮಧ್ಯಾಹ್ನ ಅಂಗಡಿ ಖಾಲಿಯಿರುವಾಗ ಇಬ್ಬರೂ ಬೇರೆ ಬೇರೆ ಕೂತು *ಇನ್ನೊಬ್ಬನ* ಕೆಲಸದ ಪಟ್ಟಿ ಮಾಡಿ: ಅಕ್ಕಿ ನೆನೆಹಾಕುವುದು, ರುಬ್ಬುವುದು, ಸೌದೆ, ಬೆಣ್ಣೆ ತರುವುದು, ಪಲ್ಯ, ಚಟ್ನಿ, ಕಾವಲಿ ಮುಂದೆ ನಿಲ್ಲುವುದು, ಗಲ್ಲಾ, ಕೆಲಸದವರು ಬಾರದ ದಿನ ತಟ್ಟೆ ತೊಳೆಯುವುದು. ಆಮೇಲೆ ಪಟ್ಟಿ ಅದಲುಬದಲು ಮಾಡಿಕೊಂಡು ಬಿಟ್ಟುಹೋದದ್ದನ್ನು ಸೇರಿಸಿ. ಶೇಕಡಾವಾರು ಜಗಳ ಅದಾದ ಮೇಲೆ ಬೇಕಿದ್ದರೆ ಆಡಿ.

ನೀಟ್ ರಿಪೀಟ್ ಮಾಡುತ್ತಿದ್ದೇನೆ. ಓದುವಾಗ ಎಲ್ಲ ಗೊತ್ತಿದೆ ಅನ್ನಿಸುತ್ತೆ, ಮಾಕ್ ಟೆಸ್ಟ್‌ನಲ್ಲಿ ಮಾರ್ಕ್ಸ್ ಬರಲ್ಲ. ನೆಗೆಟಿವ್ ಮಾರ್ಕ್ಸ್ ಭಯಕ್ಕೆ ಡೌಟ್ ಇರುವುದನ್ನೆಲ್ಲ ಬಿಡುತ್ತೇನೆ. ಸರಿಯೇ?
— ವಿದ್ಯಾರ್ಥಿ, ದಾವಣಗೆರೆ

ಎರಡನೇ ಸಲ ಓದಿದಾಗ ಪುಟ ಪರಿಚಿತ ಅನ್ನಿಸುತ್ತದೆ. ಆ ಪರಿಚಯವನ್ನೇ ಮನಸ್ಸು ಜ್ಞಾನ ಎಂದು ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಒಂದು ಗುಂಪಿಗೆ ಪಾಠವನ್ನು ಮತ್ತೆ ಓದಿಸಿದರು, ಇನ್ನೊಂದು ಗುಂಪಿಗೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆಸಿದರು. ಐದು ನಿಮಿಷದ ಮೇಲೆ ಕೇಳಿದಾಗ ಮತ್ತೆ ಓದಿದವರೇ ಮುಂದೆ: ಶೇ. 81, ಬರೆದವರು 75. ವಾರದ ಮೇಲೆ ಕೇಳಿದಾಗ ತಿರುವುಮುರುವು: ಓದಿದವರು 42, ಬರೆದವರು 56. ಓದಿ ಎದ್ದ ತಕ್ಷಣದ ಧೈರ್ಯವನ್ನು ನಂಬಬೇಡಿ. ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಬರೆದು ನೋಡಿ.

ಇನ್ನು ಮಾಕ್ ಟೆಸ್ಟ್. ಪ್ರತಿ ಉತ್ತರದ ಪಕ್ಕ ಒಂದು ಅಕ್ಷರ ಹಾಕಿ: ಖಚಿತವಿದ್ದರೆ 'ಖ', ನಾಲ್ಕರಲ್ಲಿ ಎರಡನ್ನು ತೆಗೆದುಹಾಕಿ ಉಳಿದೆರಡರಲ್ಲಿ ಒಂದನ್ನು ಆರಿಸಿದ್ದರೆ 'ಎ', ಏನೂ ಗೊತ್ತಿಲ್ಲದಿದ್ದರೆ 'ಕು'. ಕೀ ಉತ್ತರ ಬಂದ ಮೇಲೆ ಪ್ರತಿ ಗುಂಪಿಗೂ ಬೇರೆ ಲೆಕ್ಕ ಮಾಡಿ. 'ಖ' ಹಾಕಿದ 60ರಲ್ಲಿ 48 ಸರಿಯಾಗಿದ್ದರೆ ನಿಮ್ಮ "ಖಚಿತ" ಎಂದರೆ ಶೇ. 80. ತಪ್ಪಾದ ಆ 12 ಪ್ರಶ್ನೆಗಳಲ್ಲಿ ಬರಬೇಕಾದ 4 ಬರದೆ 1 ಕಳೆದು, ತಲಾ 5ರಂತೆ 60 ಅಂಕ ಹೋಗಿವೆ. ನಿಮ್ಮ ಅಂಧಬಿಂದು ಅಲ್ಲಿದೆ, ಡೌಟ್ ಇದ್ದ ಪ್ರಶ್ನೆಗಳಲ್ಲಿ ಅಲ್ಲ. ಆ ಹನ್ನೆರಡನ್ನು ಬೇರೆ ಪುಸ್ತಕದಲ್ಲಿ ಬರೆದು, "ಯಾವ ತಪ್ಪು ನಂಬಿಕೆಯಿಂದ ಖಚಿತ ಅನ್ನಿಸಿತು" ಎಂದು ಪಕ್ಕದಲ್ಲಿ ಒಂದು ಸಾಲು ಬರೆಯಿರಿ.

ಬಿಟ್ಟುಬಿಡುವ ವಿಚಾರಕ್ಕೆ ಲೆಕ್ಕವೇ ಉತ್ತರ. ಸರಿಗೆ 4, ತಪ್ಪಿಗೆ ಕಳೆಯುವುದು 1. ಸರಿಯಾಗುವ ಸಾಧ್ಯತೆ ಶೇ. 20 ದಾಟಿದರೆ ಸರಾಸರಿಯಲ್ಲಿ ಲಾಭ. ಎರಡರಲ್ಲಿ ಒಂದು ಎಂಬ ಸ್ಥಿತಿಯಲ್ಲಿ ಬಿಟ್ಟರೆ ಪ್ರಶ್ನೆಗೆ ಸರಾಸರಿ ಒಂದೂವರೆ ಅಂಕ ಕೈಬಿಟ್ಟಂತೆ. ಆದರೂ ಬಿಡಬೇಕು ಅನ್ನಿಸುವುದು ಯಾಕೆಂದರೆ, ಸಿಗುವ ಲಾಭದ ಖುಷಿಗಿಂತ ಅಷ್ಟೇ ಪ್ರಮಾಣದ ನಷ್ಟ ಹೆಚ್ಚು ಕುಟುಕುತ್ತದೆ. ಡೇನಿಯಲ್ ಕಾನಮನ್, ಏಮಸ್ ಟ್ವರ್ಸ್ಕಿ 1979ರಲ್ಲಿ ಹೇಳಿದ್ದು ಇದನ್ನೇ. ನಿಮ್ಮ 'ಎ' ಗುಂಪು ಐದಾರು ಟೆಸ್ಟ್‌ಗಳಲ್ಲಿ ಶೇ. 40ರ ಆಸುಪಾಸು ಸರಿ ಬರುತ್ತಿದ್ದರೆ ಕಣ್ಣುಮುಚ್ಚಿ ಗುರುತು ಹಾಕಿ.

ಶಾಮನೂರು ರಸ್ತೆ ಕಡೆ 30x40 ಸೈಟು ಕೊಂಡೆ. ಬ್ರೋಕರ್ ಚದರಡಿಗೆ 4,500 ಅಂದ, ಎಳೆದಾಡಿ 3,900ಕ್ಕೆ ತಂದೆ, ಗೆದ್ದೆ ಅಂದುಕೊಂಡೆ. ಆಮೇಲೆ ಪಕ್ಕದ್ದು 3,300ಕ್ಕೆ ಹೋಗಿದ್ದು ತಿಳಿಯಿತು. ನಾನು ವ್ಯಾಪಾರಿ, ಚೌಕಾಸಿ ಗೊತ್ತಿರುವವನು. ಎಲ್ಲಿ ತಪ್ಪಿತು?
— ಜವಳಿ ವ್ಯಾಪಾರಿ, ದಾವಣಗೆರೆ

4,500 ಎಂದು ಕಿವಿಗೆ ಬಿದ್ದ ಗಳಿಗೆಯಲ್ಲೇ ತಪ್ಪಿತು. ಆಮೇಲೆ ನೀವು ಎಳೆದಾಡಿದ್ದೆಲ್ಲ ಆ ಗೂಟದ ಸುತ್ತಲೇ. 1200 ಚದರಡಿಗೆ 600ರಂತೆ 7.2 ಲಕ್ಷ ಹೆಚ್ಚು ಕೊಟ್ಟಿದ್ದೀರಿ. ಟ್ವರ್ಸ್ಕಿ ಮತ್ತು ಕಾನಮನ್ 1974ರಲ್ಲಿ ಬರೆದ ಪ್ರಯೋಗದಲ್ಲಿ, ಜನರ ಕಣ್ಣೆದುರೇ ಒಂದು ಚಕ್ರ ತಿರುಗಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡ ಎಷ್ಟು ಎಂದು ಕೇಳಿದ್ದರು. ಚಕ್ರ 10ಕ್ಕೆ ನಿಂತಾಗ ನಡುವಿನ ಅಂದಾಜು 25, 65ಕ್ಕೆ ನಿಂತಾಗ 45. ಸಂಬಂಧವೇ ಇಲ್ಲದ ಅಂಕಿಯೂ ಎಳೆಯುತ್ತದೆ. ಅನುಭವಸ್ಥರಿಗೂ ಬಿಡುಗಡೆಯಿಲ್ಲ. 1987ರಲ್ಲಿ ನಾರ್ತ್‌ಕ್ರಾಫ್ಟ್ ಮತ್ತು ನೀಲ್ ಅಮೆರಿಕದ ಟೂಸಾನ್‌ನಲ್ಲಿ ಮನೆ ಮಾರಾಟದ ಏಜೆಂಟರಿಗೆ ಒಂದೇ ಮನೆ ತೋರಿಸಿ ಬೇರೆ ಬೇರೆ ಕೇಳುವ ಬೆಲೆ ಕೊಟ್ಟಾಗ, ಅವರ ಅಂದಾಜುಗಳೂ ಅದರ ಹಿಂದೆಯೇ ಹೋದವು. ಆ ಬೆಲೆಯನ್ನು ಗಣನೆಗೆ ತೆಗೆದುಕೊಂಡೆವು ಎಂದು ಒಪ್ಪಿಕೊಂಡ ಏಜೆಂಟರು ಮಾತ್ರ ಕೆಲವೇ ಮಂದಿ.

ಮುಂದಿನ ಸಲ ಬ್ರೋಕರ್‌ಗೆ ಫೋನ್ ಮಾಡುವ ಮೊದಲೇ ಅದೇ ಬಡಾವಣೆಯ ಹಿಂದಿನ ಒಂದು ವರ್ಷದ ಮೂರು ಮಾರಾಟ ಹುಡುಕಿ. ಇ.ಸಿ.ಯಲ್ಲಿ (ಋಣಭಾರ ಪ್ರಮಾಣಪತ್ರ) ಕಾಣುವ ಮೊತ್ತ ಹೆಚ್ಚಾಗಿ ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರದ ಸುತ್ತ ಇರುತ್ತದೆ, ಕೈಬದಲಾದ ದುಡ್ಡು ಅದಲ್ಲದಿರಬಹುದು, ಕೊಂಡವರನ್ನೇ ಕೇಳಿ. ಮೂರರ ನಡುವಿನ ಅಂಕಿಗೆ ಮೂಲೆ ಸೈಟು, ರಸ್ತೆಯ ಅಗಲ, ದಿಕ್ಕು ಎಂದು ಕೂಡಿಸಿ ಕಳೆದು, ಕೊಡಬಹುದಾದ ಗರಿಷ್ಠ ಬೆಲೆ ಬರೆದಿಡಿ. ಆಮೇಲೆ ಬ್ರೋಕರ್ ಏನೇ ಹೇಳಲಿ, ಮೊದಲ ಬೆಲೆ ನೀವೇ ಹೇಳಿ. ನಿಮ್ಮ ಅಂಗಡಿಯಲ್ಲಿ ದೊಡ್ಡ ಅಂಕಿಯನ್ನು ಹೊಡೆದುಹಾಕಿ ಪಕ್ಕದಲ್ಲಿ ಚಿಕ್ಕದು ಬರೆದ ಬೆಲೆಚೀಟಿ ಮಾಡುವ ಕೆಲಸವೂ ಇದೇ ಅಲ್ಲವೇ?

ಹೈಸ್ಕೂಲಿನಲ್ಲಿ ಉತ್ತರಪತ್ರಿಕೆ ತಿದ್ದುವಾಗ ಚುರುಕಾದ ಮಕ್ಕಳಿಗೆ ಒಂದೆರಡು ಅಂಕ ಹೆಚ್ಚು ಬೀಳುತ್ತಿದೆಯೇ ಎಂಬ ಅನುಮಾನ.
— ಶಿಕ್ಷಕಿ, ಹೊಸದುರ್ಗ

ಬೀಳುತ್ತಿರುವ ಸಂಭವ ಹೆಚ್ಚು. ಒಂದು ಗುಣ ಚೆನ್ನಾಗಿ ಕಂಡರೆ ಉಳಿದವೂ ಚೆನ್ನಾಗಿಯೇ ಕಾಣುವುದನ್ನು ಥಾರ್ನ್‌ಡೈಕ್ 1920ರಲ್ಲೇ ಸೈನ್ಯದ ಅಧಿಕಾರಿಗಳು ಕೊಟ್ಟ ಅಂಕಗಳಲ್ಲಿ ಕಂಡಿದ್ದರು. ಹೆಸರಿರುವ ಮೊದಲ ಪುಟವನ್ನು ಹಿಂದಕ್ಕೆ ಮಡಚಿ. ಒಬ್ಬರ ಪತ್ರಿಕೆಯನ್ನು ಪೂರ್ತಿ ತಿದ್ದುವ ಬದಲು ಎಲ್ಲರ ಒಂದನೇ ಪ್ರಶ್ನೆ ಮುಗಿಸಿ, ಕಟ್ಟನ್ನು ಕಲೆಸಿ, ಎರಡನೆಯದಕ್ಕೆ ಹೋಗಿ. ಮೊದಲ ಉತ್ತರದ ಹೊಳಪು ಆಗ ಐದನೆಯದಕ್ಕೆ ಹರಿಯುವುದಿಲ್ಲ. ಅಂಕವನ್ನು ಉತ್ತರದ ಪಕ್ಕ ಬರೆಯದೆ ಬೇರೆ ಹಾಳೆಯಲ್ಲಿ ಬರೆಯಿರಿ. ಕೈಬರಹದ ಗುರುತು ಮಾತ್ರ ಉಳಿಯುತ್ತದೆ. ಸಂಶಯವಿದ್ದ ಹತ್ತು ಪತ್ರಿಕೆಗಳನ್ನು ಸಹೋದ್ಯೋಗಿಯೊಬ್ಬರಿಗೆ ಕೊಟ್ಟು, ನಿಮ್ಮ ಅಂಕ ಹೇಳದೆ ತಿದ್ದಿಸಿ.

ನಮ್ಮ ಸಹಕಾರ ಸಂಘಕ್ಕೆ ಗೋದಾಮು ಕಟ್ಟಿಸುವ ಯೋಚನೆ. ಸಭೆಯಲ್ಲಿ ಅಧ್ಯಕ್ಷರು "ಎಲ್ಲರ ಒಪ್ಪಿಗೆಯಾ?" ಅಂದರೆ ಎಲ್ಲರೂ ಹೂಂ ಅಂತಾರೆ. ಹೊರಗೆ ಟೀ ಅಂಗಡಿಯಲ್ಲಿ "ಇದು ಆಗೋ ಕೆಲಸ ಅಲ್ಲ" ಅಂತಾರೆ. ಟೀ ಅಂಗಡಿಯ ಮಾತನ್ನು ಸಭೆಯೊಳಗೆ ತರುವುದು ಹೇಗೆ?
— ನಿರ್ದೇಶಕರು, ಚನ್ನಗಿರಿ ತಾಲ್ಲೂಕು

ಗ್ಯಾರಿ ಕ್ಲೈನ್ ಎಂಬ ಮನೋವಿಜ್ಞಾನಿ ಸೂಚಿಸಿದ ಒಂದು ವಿಧಾನ ನಿಮಗೆ ಸರಿಹೊಂದುತ್ತದೆ. "ತೊಂದರೆ ಏನಾದರೂ ಇದೆಯಾ?" ಎಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ, ಬಿಟ್ಟವರು ಅಪಶಕುನದವರಾಗುತ್ತಾರೆ. ಅದರ ಬದಲು ಕಾರ್ಯದರ್ಶಿ ಹೀಗೆ ಹೇಳಲಿ: "ಇವತ್ತಿಗೆ ಎರಡು ವರ್ಷ ಕಳೆದಿದೆ. ಗೋದಾಮು ಕೆಲಸ ಪೂರ್ತಿ ಕೆಟ್ಟಿದೆ. ಯಾಕೆ ಕೆಟ್ಟಿತು, ಬರೆಯಿರಿ." ಕೆಟ್ಟದ್ದು ತೀರ್ಮಾನವಾಗಿಬಿಟ್ಟಿರುವುದರಿಂದ ಕಾರಣ ಹೇಳುವುದು ವಿರೋಧ ಅನ್ನಿಸುವುದಿಲ್ಲ, ಜಾಣತನ ಅನ್ನಿಸುತ್ತದೆ.

ಪ್ರತಿಯೊಬ್ಬರಿಗೂ ಚೀಟಿ ಮತ್ತು ಹತ್ತು ನಿಮಿಷ ಕೊಡಿ. ಮಾತಿಲ್ಲ, ಫೋನಿಲ್ಲ, ತಲಾ ಕನಿಷ್ಠ ಮೂರು ಕಾರಣ. ಒಂದೇ ಬರೆಯಲು ಬಿಟ್ಟರೆ ಎಲ್ಲರದೂ "ದುಡ್ಡು ಸಾಲಲಿಲ್ಲ" ಎಂದೇ ಇರುತ್ತದೆ. ಎರಡನೆಯ, ಮೂರನೆಯ ಸಾಲಿನಲ್ಲಿ "ಜಾಗದ ಖಾತೆ ಇನ್ನೂ ಸಂಘದ ಹೆಸರಿಗಿಲ್ಲ", "ಮಳೆಗಾಲದಲ್ಲಿ ಲಾರಿ ಅಲ್ಲಿಗೆ ಹೋಗಲ್ಲ" ಎಂಬಂಥವು ಹೊರಬೀಳುತ್ತವೆ. ಓದುವಾಗ ಕಿರಿಯ ನಿರ್ದೇಶಕರಿಂದ ಶುರುಮಾಡಿ, ಒಬ್ಬೊಬ್ಬರೂ ಒಂದೊಂದೇ ಕಾರಣ ಓದಲಿ, ಅಧ್ಯಕ್ಷರದು ಕಟ್ಟಕಡೆಗೆ. ಅಧ್ಯಕ್ಷರು ಮೊದಲೇ ಮಾತಾಡಿದರೆ ಉಳಿದ ಚೀಟಿಗಳೆಲ್ಲ ಜೇಬಿಗೆ ಹೋಗುತ್ತವೆ. ಓದುವಾಗ ಯಾರೂ ಉತ್ತರ ಕೊಡಕೂಡದು. ಎಲ್ಲ ಮುಗಿದ ಮೇಲೆ, ಹೆಚ್ಚು ನಷ್ಟ ಮಾಡುವ ಮೂರನ್ನು ಆರಿಸಿ, ಪ್ರತಿಯೊಂದಕ್ಕೂ ಒಬ್ಬರ ಹೆಸರು, ಒಂದು ತಾರೀಖು ಹಾಕಿ. ಎಲ್ಲ ಸೇರಿ ಮುಕ್ಕಾಲು ಗಂಟೆಯ ಕೆಲಸ. ಟೆಂಡರ್ ಕರೆದ ಮೇಲೆ ಮಾಡಿದರೆ ಪ್ರಯೋಜನವಿಲ್ಲ. ಅಷ್ಟು ಹೊತ್ತಿಗೆ ಎಲ್ಲರೂ ಆ ತೀರ್ಮಾನವನ್ನು ಸಮರ್ಥಿಸುವ ಕೆಲಸಕ್ಕೆ ಕೂತಿರುತ್ತಾರೆ. ಚೀಟಿಗಳನ್ನು ಎಸೆಯದೆ ಆ ದಿನದ ನಡಾವಳಿ ಪುಸ್ತಕಕ್ಕೆ ಅಂಟಿಸಿ, ಆರು ತಿಂಗಳಿಗೊಮ್ಮೆ ಸಭೆಯಲ್ಲಿ ಓದಿಸಿ.